ಗ್ರೀಕ್ ವೀರರಿಗೆ ಕನ್ನಡದ ಕಂಠ ಕೊಟ್ಟ ಆಚಾರ್ಯರು: ದಿವಂಗತ ಬಿ.ಎಂ. ಶ್ರೀಕಂಠಯ್ಯನವರ ಜೀವನ

ಹೊಟ್ಟೆಯ ಪಾಡಿಗಾಗಿ ಪರಭಾಷೆಯನ್ನು ಆಶ್ರಯಿಸಿದವನ ಮುಂದೆ ಎರಡು ದಾರಿಗಳಿರುತ್ತವೆ. ಆ ಭಾಷೆಯ ಬೆಡಗಿಗೆ ಮರುಳಾಗಿ ತಾಯ್ನುಡಿಯನ್ನು ಮೂಲೆಗೆ ಸರಿಸುವುದು ಒಂದು. ಅಲ್ಲಿ ಕಂಡ ಬೆಲೆಯುಳ್ಳ ವಸ್ತುವನ್ನು ಹೊತ್ತು ತಂದು ತನ್ನ ಮನೆಯನ್ನು ತುಂಬುವುದು ಇನ್ನೊಂದು. ಮೊದಲನೆಯದು ಇಳಿಜಾರಿನ ದಾರಿ, ನಡೆಯುವವನಿಗೆ ಶ್ರಮವಿಲ್ಲ. ಎರಡನೆಯದು ಏರುದಾರಿ, ಅದರಲ್ಲಿ ನಡೆದವರು ವಿರಳ. ಹಾಗೆ ನಡೆದವರಲ್ಲಿ ಅಗ್ರಗಣ್ಯರು ದಿವಂಗತ ಬಿ.ಎಂ. ಶ್ರೀಕಂಠಯ್ಯನವರು. ಕನ್ನಡಿಗರು ಪ್ರೀತಿಯಿಂದ ಅವರನ್ನು ‘ಶ್ರೀ’ಯವರೆಂದೇ ಕರೆದರು, ಕನ್ನಡದ ಕಣ್ವರೆಂದು ಗೌರವಿಸಿದರು.

ಓಖ್ಲಾದ ಹೋಟೆಲುಗಳ ಅಡಿಗೆಮನೆಗಳಲ್ಲಿ, ಕಾರ್ಖಾನೆಗಳ ಲೆಕ್ಕಪತ್ರದ ಕೊಠಡಿಗಳಲ್ಲಿ ಹಗಲೆಲ್ಲ ಹಿಂದಿಯನ್ನೂ ಇಂಗ್ಲಿಷನ್ನೂ ಆಡಿ, ರಾತ್ರಿ ಕೋಣೆಗೆ ಮರಳಿ ಕನ್ನಡದಲ್ಲಿ ಉಸಿರಾಡುವ ನಮ್ಮ ವಾಚಕರಿಗೆ ಈ ಮಹನೀಯರ ಜೀವನವು ತೀರ ಹತ್ತಿರದ್ದು. ಅದರಲ್ಲಿಯೂ ಅವರ ಜೀವನದ ಒಂದು ಭಾಗವನ್ನು ಇಂದು ವಿಶೇಷವಾಗಿ ನೆನೆಯಬೇಕೆಂದಿದ್ದೇವೆ. ಎರಡೂವರೆ ಸಾವಿರ ವರ್ಷಗಳ ಹಿಂದೆ, ಕಡಲಾಚೆಯ ಗ್ರೀಸ್ ದೇಶದಲ್ಲಿ ಕಾದಿ ಮಡಿದ ಯೋಧರನ್ನು ಅವರು ಕನ್ನಡದ ರಂಗದ ಮೇಲೆ ಕರೆತಂದ ಕಥೆಯದು.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯವರು ಜನಿಸಿದ್ದು 1884ನೆಯ ಇಸವಿ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ. ಅವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹೆಸರಿನ ಮೊದಲಿನ ಎರಡು ಅಕ್ಷರಗಳು ಆ ಊರನ್ನೂ ತಂದೆ ಮೈಲಾರಯ್ಯನವರನ್ನೂ ಸೂಚಿಸುತ್ತವೆ. ತಂದೆಯವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಮುರಿದ ಕೋಟೆ, ಮಣ್ಣುಮುಚ್ಚಿದ ಕಂದಕ, ಮಡಿದ ದೊರೆಯ ನೆನಪು, ಇವುಗಳ ನಡುವೆ ಬಾಲಕ ಶ್ರೀಕಂಠಯ್ಯ ಬೆಳೆದನು. ಮುಂದೆ ಯುದ್ಧದ ವೈಭವಕ್ಕಿಂತ ಯುದ್ಧಾನಂತರದ ಮೌನವೇ ಅವರ ಲೇಖನಿಯನ್ನು ಸೆಳೆಯಿತೆಂಬುದನ್ನು ನೋಡಿದಾಗ ಆ ಊರಿನ ಪ್ರಭಾವವು ಇಲ್ಲದಿರಲಾರದು ಎಂದು ನಮಗೆ ತೋರುತ್ತದೆ.

ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಓದು ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನೂ, ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನೂ ಅವರು ಪಡೆದರು. ತಂದೆಯಂತೆ ಕರಿಕೋಟು ಧರಿಸಿ ನ್ಯಾಯಾಲಯದ ಮೆಟ್ಟಿಲೇರಿದ್ದರೆ ಸಂಪಾದನೆಗೆ ಕೊರತೆಯಿರುತ್ತಿರಲಿಲ್ಲ. ಆದರೆ 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿ ಸೇರಿದರು. ಅಂದಿನಿಂದ ಸುಮಾರು ಮೂರು ದಶಕಗಳ ಕಾಲ ಇಂಗ್ಲಿಷ್ ಭಾಷೆಯೇ ಅವರಿಗೆ ಅನ್ನ ಕೊಟ್ಟಿತು.

ಧಾರವಾಡದ ಒಂದು ಭಾಷಣ

ಆ ಕಾಲದ ಕನ್ನಡದ ಸ್ಥಿತಿಯನ್ನು ಇಂದಿನವರು ಊಹಿಸುವುದು ಕಷ್ಟ. ಕನ್ನಡನಾಡು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಇಂಗ್ಲಿಷ್ ಕಲಿತವರು ಕನ್ನಡವನ್ನು ಅಡಿಗೆಮನೆಯ ಮಾತೆಂದು ಬಗೆದರು. ಹಳಗನ್ನಡ ಬಲ್ಲ ಪಂಡಿತರು ಹೊಸ ವಿದ್ಯೆಯನ್ನು ಹೊಸ್ತಿಲಾಚೆಗೇ ನಿಲ್ಲಿಸಿದರು. ಇಬ್ಬರ ನಡುವೆ ಭಾಷೆ ಸೊರಗಿತು.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಇಪ್ಪತ್ತೇಳು ವರ್ಷದ ಈ ಇಂಗ್ಲಿಷ್ ಉಪಾಧ್ಯಾಯರು ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ವಿಷಯವಾಗಿ ಭಾಷಣ ಮಾಡಿದರು. ಹಳೆಯ ಹಿರಿಮೆಯನ್ನು ಹೊಗಳಿಕೊಂಡು ಕುಳಿತರೆ ಭಾಷೆ ಬದುಕದು, ಬಾಳುವ ಜನಕ್ಕೆ ಬೇಕಾದುದನ್ನು ಬಾಳುವ ಕನ್ನಡದಲ್ಲಿ ಬರೆಯಬೇಕು, ಬೇರೆ ಭಾಷೆಗಳ ಸತ್ತ್ವವನ್ನು ತಂದು ಅರಗಿಸಿಕೊಳ್ಳಬೇಕು ಎಂಬುದು ಅವರ ಒಟ್ಟು ಅಭಿಪ್ರಾಯವಾಗಿತ್ತು.

ಅವರು ಭಾಷಣದಲ್ಲಿಯೇ ನಿಲ್ಲಲಿಲ್ಲ. ಇಂಗ್ಲಿಷಿನ ಭಾವಗೀತೆಗಳನ್ನು ಕನ್ನಡಕ್ಕೆ ತಿರುಗಿಸತೊಡಗಿದರು. 1921ರಲ್ಲಿ ಚಿಕ್ಕ ಪುಸ್ತಿಕೆಯಾಗಿಯೂ 1926ರಲ್ಲಿ ಪೂರ್ಣ ಸಂಕಲನವಾಗಿಯೂ ಹೊರಬಂದ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿತು. ಆದಿಪ್ರಾಸದ ಕಟ್ಟು ಸಡಲಿತು. ಹೊಸ ಛಂದಸ್ಸಿನ ನಡಿಗೆ ಬಂದಿತು. ಪಾದ್ರಿ ನ್ಯೂಮನ್ನನ ಪ್ರಾರ್ಥನೆಯೊಂದು ಅವರ ಕೈಯಲ್ಲಿ ಎಷ್ಟು ಕನ್ನಡವಾಯಿತೆಂದರೆ, ಅದನ್ನು ಶಾಲೆಯಲ್ಲಿ ಹಾಡಿದ ನಮ್ಮಲ್ಲಿ ಅನೇಕರಿಗೆ ಅದು ಬೇರೆ ದೇಶದ್ದೆಂಬ ಸಂಶಯವೇ ಬಂದಿರಲಾರದು.

ರುದ್ರನಾಟಕದ ಬಾಗಿಲಲ್ಲಿ

ಗೀತೆಗಳಿಂದ ಶ್ರೀಯವರು ನಾಟಕಕ್ಕೆ ಹೊರಳಿದರು. ನಮ್ಮ ಹಳೆಯ ನಾಟ್ಯಸಂಪ್ರದಾಯದಲ್ಲಿ ರಂಗದ ಮೇಲೆ ಮರಣವನ್ನು ತೋರಿಸುವುದು ಸಾಮಾನ್ಯವಾಗಿ ನಿಷಿದ್ಧ. ಕಥೆ ಮಂಗಳದಲ್ಲಿ ಮುಗಿಯಬೇಕು. ಗ್ರೀಕರಾದರೋ ಮಹಾವೀರನ ಪತನವನ್ನೇ ಕಣ್ಣೆದುರಿಗೆ ನಿಲ್ಲಿಸಿ, ಅದರಿಂದ ಮನಸ್ಸಿನ ಕೊಳೆಯನ್ನು ತೊಳೆಯಬಹುದೆಂದು ಕಂಡವರು. ಇಂಗ್ಲಿಷ್ ಸಾಹಿತ್ಯದ ದಾರಿಯಲ್ಲಿ ನಡೆದು ಶ್ರೀಯವರು ಈ ಗ್ರೀಕರ ಬಾಗಿಲಿಗೆ ಬಂದರು. ರುದ್ರನಾಟಕ ಎಂಬ ಮಾತು ಕನ್ನಡದಲ್ಲಿ ಬೇರೂರಿದ್ದು ಅವರಿಂದ.

ಈ ನಾಟಕಗಳನ್ನು ಬರೆದವರೂ ನೋಡಿದವರೂ ಎಂಥವರೆಂಬುದನ್ನು ಇಲ್ಲಿ ಹೇಳಬೇಕು. ಅಥೆನ್ಸ್ ನಗರದಲ್ಲಿ ಸಂಬಳದ ಸ್ಥಾಯಿ ಸೇನೆಯಿರಲಿಲ್ಲ. ಪ್ರತಿಯೊಬ್ಬ ಪೌರನೂ ಅರವತ್ತು ವರ್ಷದವರೆಗೆ ಯುದ್ಧದ ಕರೆಗೆ ಓಗೊಡಬೇಕಿತ್ತು. ಅನುಕೂಲವುಳ್ಳವನು ತನ್ನ ಸ್ವಂತ ಹಣದಿಂದ ಕಂಚಿನ ಶಿರಸ್ತ್ರಾಣ, ಉದ್ದನೆಯ ಈಟಿ, ಸುಮಾರು ಮೂರು ಅಡಿ ಅಗಲದ ದುಂಡು ಗುರಾಣಿ ಇವುಗಳನ್ನು ಕೊಂಡು ಕಾಲಾಳಾಗಿ ನಿಲ್ಲುತ್ತಿದ್ದ. ಎಡಗೈಯ ಗುರಾಣಿ ತನ್ನನ್ನಷ್ಟೇ ಅಲ್ಲ, ಎಡಗಡೆಯ ನೆರೆಯವನನ್ನೂ ಕಾಯುತ್ತಿತ್ತು. ಆದುದರಿಂದ ಗುರಾಣಿ ಎಸೆದು ಓಡಿದವನಿಗೆ ಸಮಾಜದಲ್ಲಿ ಮುಖವಿರಲಿಲ್ಲ. ದಂಡು ಹೊರಡುವಾಗ ಮೂರು ದಿನದ ಬುತ್ತಿ ಕಟ್ಟಿಕೊಂಡು ಬರಬೇಕೆಂದು ಡಂಗುರ ಹೊಡೆಯುತ್ತಿದ್ದರು. ಆ ಬುತ್ತಿಯಲ್ಲಿ ಜವೆಯ ಹಿಟ್ಟು, ಈರುಳ್ಳಿ, ಉಪ್ಪುಮೀನು ಇರುತ್ತಿದ್ದವು.

ಅದೇ ಜನ ವಸಂತಕಾಲದಲ್ಲಿ ದೇವರ ಉತ್ಸವಕ್ಕೆ ಕೂಡಿ, ಗುಡ್ಡದ ಇಳಿಜಾರಿನಲ್ಲಿ ಕುಳಿತು ನಾಟಕ ನೋಡುತ್ತಿದ್ದರು. ನಾಟಕಕ್ಕೆ ಮುನ್ನ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ಹುಡುಗರು, ಪ್ರಾಯಕ್ಕೆ ಬಂದಾಗ, ಕವಚ ತೊಟ್ಟು ಸಭೆಯ ಮುಂದೆ ಹಾಯುತ್ತಿದ್ದರು. ರಂಗದ ಮೇಲಿನ ವೀರನ ಸಾವನ್ನು ಅಂಥ ಸಭೆಯು ಕಟ್ಟುಕಥೆಯೆಂದು ನೋಡುತ್ತಿರಲಿಲ್ಲ.

ಬರೆದ ಕವಿಗಳೂ ಕೇವಲ ಲೇಖನಿಯವರಲ್ಲ. ಏಸ್ಕಿಲಸನು ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರ ವಿರುದ್ಧ ಹೋರಾಡಿದನು. ಅವನ ಸಹೋದರನು ಅಲ್ಲಿಯೇ ಮಡಿದನು. ಸಾಫೋಕ್ಲಿಸನು ಸಾಮೋಸ್ ದ್ವೀಪದ ಯುದ್ಧಕಾಲದಲ್ಲಿ ದಂಡನಾಯಕರಲ್ಲೊಬ್ಬನಾಗಿ ಚುನಾಯಿತನಾಗಿದ್ದನು. ಕನ್ನಡಿಗರಿಗೆ ಇದು ಹೊಸತೆನಿಸಬೇಕಾಗಿಲ್ಲ. ನಮ್ಮ ಆದಿಕವಿ ಪಂಪನು ಕವಿಯೂ ಹೌದು, ಕಲಿಯೂ ಹೌದು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ನಿಂತಿರುವ ವೀರಗಲ್ಲುಗಳು ಸಾಮಾನ್ಯ ಕಾಲಾಳಿನ ಮರಣವನ್ನೂ ಕಲ್ಲಿನಲ್ಲಿ ಬರೆದಿಟ್ಟಿವೆ. ಗ್ರೀಕರ ಬೀಜಕ್ಕೆ ಕನ್ನಡದ ಹೊಲ ಹದವಾಗಿಯೇ ಇತ್ತೆಂಬುದನ್ನು ಶ್ರೀಯವರು ಅರಿತಿದ್ದರು.

ದುರ್ಯೋಧನ ಮತ್ತು ಅಶ್ವತ್ಥಾಮ

ಆದುದರಿಂದಲೇ ಅವರು ಮೊದಲು ಗ್ರೀಸಿಗೆ ಹೋಗಲಿಲ್ಲ, ರನ್ನನ ಬಳಿಗೆ ಹೋದರು. ಸಾವಿರ ವರ್ಷಗಳ ಹಿಂದಿನ ರನ್ನನ ಗದಾಯುದ್ಧ ಕಾವ್ಯದಲ್ಲಿ ಭೀಮನೇ ನಾಯಕ. ಆದರೂ ಓದುಗನ ಮನಸ್ಸು ಏಕಾಕಿಯಾಗಿ ರಣರಂಗದಲ್ಲಿ ನಡೆಯುವ ದುರ್ಯೋಧನನ ಹಿಂದೆ ಹೋಗುತ್ತದೆ. ಅದನ್ನು ಕಂಡ ಶ್ರೀಯವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂಬ ಕೃತಿಯನ್ನು ಹೊರತಂದರು. ಸೋತ ಕುರುಪತಿ ಅಲ್ಲಿ ರುದ್ರನಾಟಕದ ವೀರನಾದನು.

ಮೂರು ವರ್ಷಗಳ ತರುವಾಯ, 1929ರಲ್ಲಿ, ‘ಅಶ್ವತ್ಥಾಮನ್’ ಬಂದಿತು. ಇದರ ಮೂಲವು ಸಾಫೋಕ್ಲಿಸನ ಏಜಾಕ್ಸ್ ನಾಟಕ. ಟ್ರಾಯ್ ಯುದ್ಧದಲ್ಲಿ ಏಜಾಕ್ಸನು ಗ್ರೀಕರ ಕೋಟೆಗೋಡೆಯಂತಿದ್ದವನು. ಏಳು ಎತ್ತಿನ ತೊಗಲು ಹೊದೆಸಿದ ಗುರಾಣಿ ಅವನದು. ಮಹಾವೀರ ಅಕಿಲಿಸನು ಸತ್ತಾಗ ಅವನ ಆಯುಧಗಳು ತನಗೆ ಸಲ್ಲಬೇಕೆಂದು ಏಜಾಕ್ಸನು ನಿರೀಕ್ಷಿಸಿದ್ದನು. ನಾಯಕರು ಅವುಗಳನ್ನು ಚತುರಮತಿ ಒಡಿಸ್ಸಿಯಸನಿಗೆ ಕೊಟ್ಟರು. ಅವಮಾನದಿಂದ ಕುದಿದ ಏಜಾಕ್ಸನು ರಾತ್ರಿ ಕತ್ತಿ ಹಿಡಿದು ನಾಯಕರನ್ನು ಕೊಲ್ಲಹೊರಟಾಗ ದೇವತೆಯು ಅವನ ಬುದ್ಧಿಗೆ ಮಂಕು ಕವಿಸಿದಳು. ಅವನು ತರಿದುಹಾಕಿದ್ದು ಮನುಷ್ಯರನ್ನಲ್ಲ, ದನಕುರಿಗಳನ್ನು. ಬೆಳಗಾದಾಗ ಭ್ರಮೆ ಹರಿಯಿತು. ನಾಚಿಕೆ ತಾಳಲಾರದೆ, ಹಿಂದೆ ಶತ್ರುವೀರ ಹೆಕ್ಟರನು ಕಾಣಿಕೆಯಾಗಿ ಕೊಟ್ಟ ಕತ್ತಿಯನ್ನೇ ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದು ಪ್ರಾಣ ಬಿಟ್ಟನು.

ಈ ಕಥೆಯನ್ನು ಹಾಗೆಯೇ ಕನ್ನಡಿಸಿದ್ದರೆ ವಿದ್ವಾಂಸರು ಮೆಚ್ಚಿ ಕಪಾಟಿನಲ್ಲಿಡುತ್ತಿದ್ದರು. ಶ್ರೀಯವರು ಏಜಾಕ್ಸನ ಜಾಗದಲ್ಲಿ ದ್ರೋಣಪುತ್ರ ಅಶ್ವತ್ಥಾಮನನ್ನು ನಿಲ್ಲಿಸಿದರು. ಅವನೂ ಅಪಮಾನದಿಂದ ಬೆಂದವನು. ಅವನೂ ರಾತ್ರಿಯಲ್ಲಿ ಕತ್ತಿ ಹಿಡಿದವನು. ಮಲಗಿದ್ದವರನ್ನು ಕೊಂದ ಮಹಾಪಾತಕವು ಬೆಳಗಿನ ಬೆಳಕಿನಲ್ಲಿ ಅವನನ್ನೂ ದಿಟ್ಟಿಸಿ ನೋಡಿತು. ಒಬ್ಬ ಯೋಧನಿಗೆ ಶತ್ರುವಿನ ಬಾಣಕ್ಕಿಂತ ತನ್ನ ಕೃತ್ಯದ ನೆನಪೇ ತೀಕ್ಷ್ಣವಾದುದೆಂಬ ಸತ್ಯವು ಇಬ್ಬರಿಗೂ ಸಮಾನ.

ಆದರೆ ಇಲ್ಲೊಂದು ದೊಡ್ಡ ತೊಡಕಿತ್ತು. ಪುರಾಣದ ಅಶ್ವತ್ಥಾಮನು ಚಿರಂಜೀವಿ. ಕೃಷ್ಣನ ಶಾಪದಿಂದ ಮೂರು ಸಾವಿರ ವರ್ಷ ಅಲೆಯಬೇಕಾದವನು. ಶ್ರೀಯವರ ನಾಟಕದಲ್ಲಿ ಅವನು ತನ್ನ ಕೈಯಿಂದಲೇ ಮರಣವನ್ನು ತಂದುಕೊಳ್ಳುತ್ತಾನೆ. ವ್ಯಾಸರ ಮಾತನ್ನು ಮೀರಬಹುದೇ ಎಂದು ಆಕ್ಷೇಪಿಸಿದವರಿದ್ದರು. ಇಂದಿಗೂ ಆ ಚರ್ಚೆ ಮುಗಿದಿಲ್ಲ. ನಮಗನಿಸುವುದಿಷ್ಟೆ: ಪಾಪವನ್ನು ಹೊತ್ತು ಯುಗಯುಗಾಂತರ ಅಲೆಯುವ ಶಿಕ್ಷೆಗೆ ಗುರಿಯಾದವನಿಗೆ ಶ್ರೀಯವರು ಮರಣದ ಕರುಣೆಯನ್ನು ದಯಪಾಲಿಸಿದರು. ಅದು ಸರಿಯೋ ತಪ್ಪೋ ಪಂಡಿತರು ನಿರ್ಣಯಿಸಲಿ, ಹಗುರವಾಗಿ ಮಾಡಿದ ಕೆಲಸವಂತೂ ಅಲ್ಲ.

ಹುಟ್ಟು ಹಾಕಿದವರ ಯುದ್ಧ

1935ರಲ್ಲಿ ಹೊರಬಂದ ‘ಪಾರಸಿಕರು’ ಏಸ್ಕಿಲಸನ ನಾಟಕದ ಕನ್ನಡ ರೂಪ. ಇದು ಪುರಾಣದ ಕಥೆಯಲ್ಲ, ಕವಿಯ ಕಾಲದಲ್ಲಿಯೇ ನಡೆದ ಇತಿಹಾಸ. ಕ್ರಿ.ಪೂ. 480ರಲ್ಲಿ ಪಾರಸಿಕ ಚಕ್ರವರ್ತಿ ಕ್ಸೆರ್ಕ್ಸಿಸನು ಅಪಾರ ಸೈನ್ಯದೊಡನೆ ಬಂದು ಅಥೆನ್ಸನ್ನು ಸುಟ್ಟನು. ಜನರು ಮಕ್ಕಳು ಮುದುಕರೊಡನೆ ಊರು ತೊರೆದು ಹಡಗೇರಿದರು. ಸಲಾಮಿಸ್ ದ್ವೀಪದ ಇಕ್ಕಟ್ಟಾದ ಜಲಸಂಧಿಯಲ್ಲಿ ನೌಕಾಯುದ್ಧವಾಯಿತು. ನಾಟಕದ ದೂತನ ಲೆಕ್ಕದಂತೆ ಗ್ರೀಕರವು 310 ಹಡಗುಗಳು, ಪಾರಸಿಕರವು ಸಾವಿರಕ್ಕೆ ಕಡಿಮೆಯಿಲ್ಲ. ಗೆದ್ದವರು ಗ್ರೀಕರು.

ಈ ಗೆಲುವು ಯಾರದೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಯುದ್ಧಕ್ಕೆ ಮೂರು ವರ್ಷ ಮುನ್ನ ಲಾರಿಯಮ್ ಗಣಿಯಲ್ಲಿ ಹೇರಳವಾಗಿ ಬೆಳ್ಳಿ ದೊರೆತಾಗ, ಅದನ್ನು ಪೌರರಿಗೆ ಹಂಚದೆ ಹಡಗು ಕಟ್ಟಿಸಲು ತೊಡಗಿಸಬೇಕೆಂದು ಥೆಮಿಸ್ಟೋಕ್ಲಿಸನು ಜನರನ್ನು ಒಪ್ಪಿಸಿದ್ದನು. ಮೂರು ಸಾಲು ಹುಟ್ಟುಗಳಿದ್ದ ಆ ಯುದ್ಧನೌಕೆಯೊಂದರಲ್ಲಿ 170 ಮಂದಿ ಹುಟ್ಟು ಹಾಕುತ್ತಿದ್ದರು. ಅವರು ಕವಚ ಕೊಳ್ಳುವ ಅನುಕೂಲವಿಲ್ಲದವರು, ಕೈಕಸುಬಿನವರು, ಕೂಲಿಯವರು. ಒಂದು ತಾಳಕ್ಕೆ ಎಲ್ಲ ಹುಟ್ಟುಗಳೂ ಏಳಬೇಕು, ಬೀಳಬೇಕು. ಒಬ್ಬನ ಕೈ ತಪ್ಪಿದರೆ ಸಾಲೆಲ್ಲ ತೊಡರುತ್ತದೆ. ಮುಂದೊಂದು ಯುದ್ಧದಲ್ಲಿ, ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಕಾಲ್ನಡಿಗೆಯಲ್ಲಿ ಹೊರಟ ಹುಟ್ಟುಗಾರರು ತಮ್ಮ ತಮ್ಮ ಹುಟ್ಟು, ಕೂರುವ ಮೆತ್ತೆ, ಹುಟ್ಟಿಗೆ ಬಿಗಿಯುವ ತೊಗಲಿನ ಪಟ್ಟಿ ಇಷ್ಟನ್ನು ಹೊತ್ತು ನಡೆದರೆಂದು ಇತಿಹಾಸಕಾರ ಥುಸಿಡಿಡಿಸನು ಬರೆದಿದ್ದಾನೆ. ಇನ್ನೊಮ್ಮೆ ತುರ್ತಿನ ಪ್ರಯಾಣದಲ್ಲಿ ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಯ ಹಿಟ್ಟನ್ನು ಹುಟ್ಟು ಬಿಡದೆಯೇ ತಿಂದರಂತೆ. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು, ನಿಂತಲ್ಲಿಯೇ ಎರಡು ತುತ್ತು ನುಂಗಿ ಮತ್ತೆ ಕಾವಲಿಗೆ ಕೈಹಾಕುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಕ್ರವರ್ತಿಯನ್ನು ಸೋಲಿಸಿದ್ದು ಇಂಥ ಕೈಗಳು.

ಇಂಥ ಗೆಲುವಿನ ಎಂಟು ವರ್ಷಗಳ ಮೇಲೆ, ಕ್ರಿ.ಪೂ. 472ರಲ್ಲಿ, ಏಸ್ಕಿಲಸನು ಅದೇ ಜನರ ಮುಂದೆ ನಾಟಕವಾಡಿಸಿದನು. ವಿಜಯೋತ್ಸವದ ಪದ್ಯವನ್ನೇ ಸಭೆ ನಿರೀಕ್ಷಿಸಿರಬೇಕು. ಅವನು ತೆರೆದು ತೋರಿಸಿದ್ದು ಪಾರಸಿಕರ ರಾಜಧಾನಿ ಸೂಸಾ ನಗರವನ್ನು. ಅಲ್ಲಿ ರಾಜಮಾತೆ ಅತೋಸೆ ಕೆಟ್ಟ ಕನಸು ಕಂಡು ಮಗನ ದಾರಿ ಕಾಯುತ್ತಾಳೆ. ದೂತನು ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಸಮಾಧಿಯಿಂದೆದ್ದ ಹಿಂದಿನ ದೊರೆ ದಾರಿಯಸನ ಪ್ರೇತವು ಮಗನ ಗರ್ವವನ್ನು ಖಂಡಿಸುತ್ತದೆ. ಕೊನೆಗೆ ಹರಿದ ವಸ್ತ್ರದಲ್ಲಿ ಕ್ಸೆರ್ಕ್ಸಿಸನು ಬಂದು ಮುದುಕರೊಡನೆ ಗೋಳಾಡುತ್ತಾನೆ. ಪಾರಸಿಕರ ಹೆಸರುಗಳು ಇಡೀ ನಾಟಕದಲ್ಲಿ ತುಂಬಿವೆ, ಗ್ರೀಕ್ ವೀರನೊಬ್ಬನ ಹೆಸರೂ ಇಲ್ಲ. ತಮ್ಮ ಮನೆಗಳನ್ನು ಸುಟ್ಟವರ ತಾಯಂದಿರಿಗಾಗಿ ಅಥೆನ್ಸಿನ ಜನ ಕುಳಿತು ಕಣ್ಣೀರಿಟ್ಟರು, ಆ ನಾಟಕಕ್ಕೆ ಮೊದಲ ಬಹುಮಾನ ಕೊಟ್ಟರು.

ಶತ್ರುವಿನ ವಿರುದ್ಧ ಸ್ವತಃ ಈಟಿ ಹಿಡಿದವನೇ ಶತ್ರುವಿನ ದುಃಖಕ್ಕೆ ಬಾಯಿ ಕೊಟ್ಟನು. ಕುಳಿತು ಕಥೆ ಕಟ್ಟುವವನಿಗೆ ಇದು ಸುಲಭದಲ್ಲಿ ಸಾಧ್ಯವಾಗುವುದಿಲ್ಲ. ಸೋತ ದುರ್ಯೋಧನ, ನಾಚಿದ ಅಶ್ವತ್ಥಾಮ, ಹರಿದ ಬಟ್ಟೆಯ ಕ್ಸೆರ್ಕ್ಸಿಸ್, ಈ ಮೂವರನ್ನು ಶ್ರೀಯವರು ಒಂದಾದ ಮೇಲೊಂದರಂತೆ ಆರಿಸಿಕೊಂಡದ್ದು ಆಕಸ್ಮಿಕವೆಂದು ನಾವು ನಂಬಲಾರೆವು. ಗೆದ್ದವನನ್ನು ಹಾಡುವವರು ಎಲ್ಲ ಭಾಷೆಯಲ್ಲಿಯೂ ಇದ್ದಾರೆ. ಸೋತವನೊಳಗಿನ ಮನುಷ್ಯನನ್ನು ಹಾಡಬಲ್ಲ ಭಾಷೆ ಮಾತ್ರ ಪ್ರೌಢವಾದುದು. ಕನ್ನಡಕ್ಕೆ ಆ ಶಕ್ತಿಯಿದೆಯೆಂದು ಅವರು ತೋರಿಸಿಕೊಟ್ಟರು.

ಕಾಲೇಜಿನ ಹೊರಗಿನವರಿಗಾಗಿ

ಶ್ರೀಯವರು ಪುಸ್ತಕಗಳಲ್ಲಿಯೇ ಮುಳುಗಿದವರಲ್ಲ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗುವುದಕ್ಕೆ ದುಡಿದವರಲ್ಲಿ ಅವರು ಮುಖ್ಯರು. ಇಂಗ್ಲಿಷಿನಲ್ಲಿ ಕವಿತೆ ಬರೆಯುವ ಮೋಹದಲ್ಲಿದ್ದ ಎಷ್ಟೋ ತರುಣರನ್ನು ಕನ್ನಡಕ್ಕೆ ತಿರುಗಿಸಿದರು. 1928ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1938ರಲ್ಲಿ ಮೈಸೂರು ಮಹಾರಾಜರು ‘ರಾಜಸೇವಾಸಕ್ತ’ ಎಂಬ ಬಿರುದನ್ನಿತ್ತರು.

ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ, ಪಂಡಿತರ ಸಭೆಯಂತಿದ್ದ ಆ ಸಂಸ್ಥೆಯನ್ನು ಜನರ ಬಳಿಗೆ ಒಯ್ದರು. ಕಾಲೇಜಿನ ಮೆಟ್ಟಿಲು ಹತ್ತದವರೂ ಓದಿ ಕುಳಿತುಕೊಳ್ಳಬಹುದಾದ ಕಾವ, ಜಾಣ, ರತ್ನ ಮುಂತಾದ ಪರೀಕ್ಷೆಗಳು ಅವರ ಕಾಲದ ಕೊಡುಗೆ. ಗ್ರೀಕ್ ನಾಟಕದ ಶಿಖರಕ್ಕೇರಿದ ವಿದ್ವಾಂಸರು ಎಸ್.ಎಸ್.ಎಲ್.ಸಿ.ಯಲ್ಲಿ ಓದು ನಿಲ್ಲಿಸಿದವನನ್ನೂ ಅದಕ್ಕೂ ಮೊದಲೇ ನಿಲ್ಲಿಸಿದವನನ್ನೂ ಮರೆಯಲಿಲ್ಲವೆಂಬುದು ನಮ್ಮಂಥವರಿಗೆ ದೊಡ್ಡ ಸಮಾಧಾನ. ದಳಪತಿಯೊಬ್ಬನೇ ಹಡಗನ್ನು ನಡೆಸಲಾರ, ಹುಟ್ಟು ಹಾಕುವವರೂ ಬೇಕೆಂಬುದು ಅವರಿಗೆ ತಿಳಿದಿತ್ತು.

ಕೊನೆಯ ದಿನಗಳು

ಮೈಸೂರು ಸಂಸ್ಥಾನದ ಸೇವೆಯಿಂದ ನಿವೃತ್ತರಾದ ಮೇಲೆ ಅವರು ವಿಶ್ರಾಂತಿ ಪಡೆಯಲಿಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡಕ್ಕೆ ತೆರಳಿ ಕೆ.ಇ. ಬೋರ್ಡಿನ ಕಾಲೇಜಿಗೆ ಪ್ರಿನ್ಸಿಪಾಲರಾದರು. ಮೂವತ್ತು ವರ್ಷಗಳ ಹಿಂದೆ ಎಲ್ಲಿ ನಿಂತು ಕನ್ನಡ ತಲೆಯೆತ್ತಲೆಂದು ಹಾರೈಸಿದ್ದರೋ ಆ ಊರಿನಲ್ಲಿಯೇ ದುಡಿಯುತ್ತ, 1946ರ ಜನವರಿ 5ರಂದು ಕಣ್ಮುಚ್ಚಿದರು. ಅರವತ್ತೆರಡು ತುಂಬಿ ಎರಡೇ ದಿನಗಳಾಗಿದ್ದವು. ಕನ್ನಡನಾಡು ಒಂದಾದದ್ದು ಮತ್ತೆ ಹತ್ತು ವರ್ಷಗಳ ಮೇಲೆ, 1956ರಲ್ಲಿ. ಆದರೆ ಗಡಿಗಳು ಅಳಿಯುವ ಮೊದಲೇ ಮೈಸೂರಿನ ಮಗನೊಬ್ಬನು ಧಾರವಾಡದ ಮಣ್ಣಿನಲ್ಲಿ ಬೂದಿಯಾಗಿ ಆ ನಾಡನ್ನು ಒಂದೆಂದು ತೋರಿಸಿದ್ದನು. 1979ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಪ್ರತಿಷ್ಠಾನವು ಸ್ಥಾಪನೆಯಾಯಿತು.

ಶ್ರೀಯವರು ಕಡ ತಂದುದನ್ನು ಕನ್ನಡವು ಬಡ್ಡಿಸಮೇತ ಹಿಂದಿರುಗಿಸಿದೆ. 1964ರಲ್ಲಿ ಗಿರೀಶ ಕಾರ್ನಾಡರು ಕನ್ನಡದಲ್ಲಿ ಬರೆದ ‘ತುಘಲಕ್’ ನಾಟಕವು, ಮುಂದಿನ ದಶಕದಲ್ಲಿ ಇದೇ ದೆಹಲಿಯ ಹಳೆಯ ಕೋಟೆಯಲ್ಲಿ, ಇಬ್ರಾಹಿಂ ಅಲ್ಕಾಜಿಯವರ ನಿರ್ದೇಶನದಲ್ಲಿ ದೆಹಲಿಯ ಜನರ ಭಾಷೆಯಲ್ಲಿಯೇ ಪ್ರದರ್ಶನಗೊಂಡಿತು. ಸೋತ ದೊರೆಯ ಒಳಗನ್ನು ಕಾಣುವ ಕಣ್ಣು ಅದರಲ್ಲಿಯೂ ಇದೆ.

ಇಂಗ್ಲಿಷಿನ ಅನ್ನ ಉಂಡೆವೆಂದು ಶ್ರೀಯವರು ನಾಚಲೂ ಇಲ್ಲ, ಬೀಗಲೂ ಇಲ್ಲ. ಕಲಿತುದನ್ನು ಮನೆಗೆ ತಂದರು, ಅಷ್ಟೆ. ಅನ್ಯರ ಊರಿನಲ್ಲಿ ಅನ್ಯರ ಮಾತಿನಲ್ಲಿ ದುಡಿಯುವ ಕನ್ನಡಿಗರು ಇಲ್ಲಿಂದ ಊರಿಗೆ ಹಣವನ್ನು ಕಳುಹಿಸುತ್ತಾರೆ, ಅದು ಧರ್ಮ. ಇಲ್ಲಿ ಕೇಳಿದ ಒಳ್ಳೆಯ ಕಥೆಯೊಂದನ್ನು, ಕಲಿತ ವಿದ್ಯೆಯೊಂದನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳುವುದೂ ಅಷ್ಟೇ ದೊಡ್ಡ ಧರ್ಮ. ಏಸ್ಕಿಲಸನು ಸಿಸಿಲಿ ದ್ವೀಪದಲ್ಲಿ, ಊರಿನಿಂದ ದೂರದಲ್ಲಿ, ತೀರಿಕೊಂಡನು. ಅವನ ಸಮಾಧಿಯ ಬರಹದಲ್ಲಿ ನಾಟಕಗಳ ಪ್ರಸ್ತಾಪವಿಲ್ಲ, ಮ್ಯಾರಥಾನಿನಲ್ಲಿ ಕಾದಿದನೆಂಬುದಷ್ಟೇ ಇತ್ತೆಂದು ಪ್ರಾಚೀನರು ಹೇಳುತ್ತಾರೆ. ತನ್ನವರ ಸಾಲಿನಲ್ಲಿ ಗುರಾಣಿ ಹಿಡಿದು ನಿಂತಿದ್ದೆನೆಂಬುದೇ ಅವನಿಗೆ ಸಾಕಾಗಿತ್ತು. ಶ್ರೀಯವರು ಕನ್ನಡದ ಸಾಲಿನಲ್ಲಿ ಹಾಗೆ ನಿಂತವರು. ಆ ಸಾಲಿನಲ್ಲಿ ಜಾಗ ಇನ್ನೂ ತೆರವಿದೆ.